ಬೆರಕೆ ಕಂಪ್ಯೂಟರ್‌ಗಳ ಚಿಕ್ಕ ಆಫೀಸಿಗೆ ಸರ್ವರ್ ಓಎಸ್: ವಿಂಡೋಸಾ, ಲಿನಕ್ಸಾ, ನ್ಯಾಸಾ?

ಹತ್ತು ಹದಿನೈದು ಜನ ಇರೋ ಆಫೀಸು. ಅಕೌಂಟ್ಸ್‌ನವರದ್ದು ವಿಂಡೋಸ್, ಡಿಸೈನ್ ಮಾಡೋರು ಮ್ಯಾಕ್ ಬಿಟ್ಟು ಕದಲಲ್ಲ, ಒಬ್ಬ ಡೆವಲಪರ್ ಉಬುಂಟು ಅನ್ನೋ ಲಿನಕ್ಸ್ ಹಾಕ್ಕೊಂಡು ಮೂಲೇಲಿ ಕೂತಿರ್ತಾನೆ, ಓನರ್ ಲ್ಯಾಪ್‌ಟಾಪ್ ಯಾವ ಕಾಲದ್ದು ಅಂತ ಅವರಿಗೇ ನೆನಪಿಲ್ಲ. ಇಷ್ಟು ದಿನ ಪೆನ್‌ಡ್ರೈವು, ಈಮೇಲ್ ಅಟ್ಯಾಚ್‌ಮೆಂಟು, ಯಾರದ್ದೋ ಪಿಸಿಯಲ್ಲಿ ಶೇರ್ ಮಾಡಿಟ್ಟ ಫೋಲ್ಡರು ಅಂತ ಹೆಂಗೋ ನಡೀತಿತ್ತು, ಆ ಪಿಸಿಯವರು ಮೆಷಿನ್ ಆಫ್ ಮಾಡಿ ರಜೆಗೆ ಹೋದ ದಿನ ಎಲ್ಲರಿಗೂ ಜ್ಞಾನೋದಯ ಆಯ್ತು, ಒಂದು ಸರ್ವರ್ ಬೇಕು ಅಂತ. ಬೇಕು ಸರಿ, ಅದರೊಳಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕೋದು ಅಂತ ಕೇಳಿದ್ರೆ ವಿಂಡೋಸ್ ಗೊತ್ತಿರೋನು ವಿಂಡೋಸ್ ಸರ್ವರ್ ಅಂತಾನೆ, ಲಿನಕ್ಸ್ ಗೊತ್ತಿರೋನು ಅದರದ್ದೇ ಒಂದು ಬಗೆಯಾದ ಡೆಬಿಯನ್ ಅಂತಾನೆ, ಇಬ್ರೂ ಅವರವರ ಕೈಗೆ ಏನು ರೂಢಿಯಾಗಿದೆಯೋ ಅದನ್ನೇ ಹೇಳ್ತಿದ್ದಾರೆ ಹೊರತು ನಿಮ್ಮ ಆಫೀಸ್ ನೋಡಿ ಹೇಳ್ತಿಲ್ಲ. ನ್ಯಾಸ್ (ನೆಟ್‌ವರ್ಕ್‌ಗೆ ಸಿಕ್ಕಿಸಿದ್ರೆ ಫೈಲ್ ಹಂಚೋ ರೆಡಿ ಡಬ್ಬ) ಅನ್ನೋ ಮೂರನೇ ದಾರಿನೂ ಇದೆ.

ನಾನು ಇಂಥದ್ದೇ ಒಂದು ಆಫೀಸನ್ನ ಸುಮಾರು ವರ್ಷ ನೋಡ್ಕೊಂಡಿದ್ದೀನಿ, 14 ಮೆಷಿನ್ನು, ಅದರಲ್ಲಿ 8 ವಿಂಡೋಸ್, 4 ಮ್ಯಾಕ್, 2 ಲಿನಕ್ಸ್. ಮೊದಲು ವಿಂಡೋಸ್ ಸರ್ವರ್ ಇತ್ತು, ಆಮೇಲೆ ಲಿನಕ್ಸ್ ಆಯ್ತು, ಎರಡರಲ್ಲೂ ಬೈಸ್ಕೊಂಡಿದ್ದೀನಿ. ಅಷ್ಟರಲ್ಲಿ ನಂಗೆ ಅರ್ಥ ಆಗಿದ್ದು ಇಷ್ಟು, ಓಎಸ್ ಹೆಸರು ಬಾಯಿಗೆ ಬರೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಬೇಕು. ನಮಗೆ ಫೈಲ್ ಮಾತ್ರ ಒಂದ್ಕಡೆ ಇದ್ರೆ ಸಾಕಾ, ಅಥವಾ ಲಾಗಿನ್ನೂ ಒಂದ್ಕಡೆ ಇರ್ಬೇಕಾ?

ಇವೆರಡೂ ಬೇರೆ ಬೇರೆ ಕೆಲಸ, ಜನ ಒಂದೇ ಅನ್ಕೊಳ್ತಾರೆ.

ಫೈಲ್ ಮಾತ್ರ ಅಂದ್ರೆ

ಫೈಲ್ ಶೇರಿಂಗ್ ವಿಷ್ಯದಲ್ಲಿ ಈಗ ಜಗಳಾನೇ ಉಳಿದಿಲ್ಲ. ಮೊದಲು ವಿಂಡೋಸ್‌ಗೆ ಎಸ್‌ಎಂಬಿ ಅಂತ ಒಂದು ಪ್ರೋಟೊಕಾಲ್ (ಮೆಷಿನ್‌ಗಳು ಫೈಲ್ ಹಂಚ್ಕೊಳ್ಳೋಕೆ ಆಡೋ ಭಾಷೆ), ಮ್ಯಾಕ್‌ಗೆ ಎಎಫ್‌ಪಿ ಅಂತ ಇನ್ನೊಂದು, ಯುನಿಕ್ಸ್ ಕಡೆಯವರಿಗೆ ಎನ್‌ಎಫ್‌ಎಸ್ ಅಂತ ಮತ್ತೊಂದು ಇತ್ತು, ಸರ್ವರ್ ಆದವನು ಮೂರೂ ಭಾಷೆ ಮಾತಾಡ್ಬೇಕಿತ್ತು. 2013ರಲ್ಲಿ ಬಂದ ಮ್ಯಾವರಿಕ್ಸ್ ಅನ್ನೋ ಮ್ಯಾಕ್ ಓಎಸ್ ಆವೃತ್ತಿಯಿಂದ ಆಪಲ್ ಕೂಡ ಎಸ್‌ಎಂಬಿನೇ ಡೀಫಾಲ್ಟ್ ಮಾಡ್ಕೊಂಡ್ತು, ಎಎಫ್‌ಪಿಗೆ ಮೆಲ್ಲಗೆ ಬಾಗಿಲು ಹಾಕ್ತಾ ಬಂತು. ಲಿನಕ್ಸ್‌ನಲ್ಲಿ ಎಸ್‌ಎಂಬಿ ಆಡೋಕೆ ಸಾಂಬಾ ಅನ್ನೋ ಸಾಫ್ಟ್‌ವೇರ್ ಇದೆ, 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಶುರು ಮಾಡಿದ್ದು (ಡಿಕ್ಷನರಿ ಫೈಲಲ್ಲಿ ಎಸ್, ಎಂ, ಬಿ ಮೂರೂ ಅಕ್ಷರ ಸಾಲಾಗಿ ಬರೋ ಪದ ಹುಡುಕಿ ಆ ಹೆಸರು ಇಟ್ರಂತೆ, ಡ್ಯಾನ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ). ಹಂಗಾಗಿ ಇವತ್ತು ಯಾವ ಸರ್ವರ್ ಇಟ್ರೂ ಅದು ಎಸ್‌ಎಂಬಿ ಮಾತಾಡತ್ತೆ, ಎಲ್ಲಾ ಥರದ ಕಂಪ್ಯೂಟರ್ರೂ ಅದನ್ನ ಅರ್ಥ ಮಾಡ್ಕೊಳತ್ತೆ, ಒಳಗಿರೋದು ವಿಂಡೋಸಾ ಡೆಬಿಯನ್ನಾ ಅಂತ ಬಳಸೋರಿಗೆ ಗೊತ್ತಾಗೋದೂ ಇಲ್ಲ.

ಅಂದ್ರೆ ಬರೀ ಫೈಲಿಗೋಸ್ಕರ ವಿಂಡೋಸ್ ಸರ್ವರ್ ಲೈಸೆನ್ಸ್ ತಗೊಳ್ಳೋದು ನನ್ನ ಲೆಕ್ಕದಲ್ಲಿ ದಂಡ. ಹಂಗಂತ ಒಂದು ವಿಂಡೋಸ್ 11 ಪ್ರೊ ಪಿಸಿನೇ ಸರ್ವರ್ ಮಾಡ್ಬಿಡೋಣ ಅಂತಾನೂ ಸುಮಾರು ಜನ ಹೇಳ್ತಾರೆ, ನಾಲ್ಕೈದು ಜನಕ್ಕೆ ನಡೆಯತ್ತೆ, ಆದ್ರೆ ಒಂದೇ ಸಲಕ್ಕೆ 20 ಕನೆಕ್ಷನ್ ಅನ್ನೋ ಮಿತಿ ಇದೆ, ಒಬ್ಬೊಬ್ಬರಿಗೆ ಎರಡೆರಡು ಡಿವೈಸ್ ಇರೋ ಕಾಲದಲ್ಲಿ 20 ಅನ್ನೋದು ಬೇಗ ತುಂಬತ್ತೆ. ಜೊತೆಗೆ ಆ ಪಿಸಿ ಮೇಲೆ ಯಾರಾದ್ರೂ ಕೂತು ಕೆಲಸ ಮಾಡೋಕೆ ಶುರು ಮಾಡ್ತಾರೆ, ಮತ್ತೆ ಮೊದಲಿನ ಕಥೆನೇ.

ಲಾಗಿನ್ನೂ ಬೇಕು ಅಂದ್ರೆ

ಲಾಗಿನ್ ಒಂದ್ಕಡೆ ಅಂದ್ರೆ ಏನು? ಯಾರು ಯಾವ ಕಂಪ್ಯೂಟರ್ ಮುಂದೆ ಕೂತ್ರೂ ಅವರದೇ ಯೂಸರ್‌ನೇಮ್ ಪಾಸ್‌ವರ್ಡ್ ನಡೀಬೇಕು, ಕೆಲಸ ಬಿಟ್ಟು ಹೋದವರ ಅಕೌಂಟ್ ಒಂದು ಜಾಗದಲ್ಲಿ ಆಫ್ ಮಾಡಿದ್ರೆ ಎಲ್ಲಾ ಕಡೆ ಆಫ್ ಆಗ್ಬೇಕು, ಪ್ರಿಂಟರ್ರು, ಡ್ರೈವ್ ಮ್ಯಾಪಿಂಗು, ಸ್ಕ್ರೀನ್ ಲಾಕ್ ಎಷ್ಟು ನಿಮಿಷಕ್ಕೆ ಅನ್ನೋದೆಲ್ಲಾ ಕೂತಲ್ಲಿಂದಲೇ ಕಳಿಸ್ಬೇಕು. ಇದಕ್ಕೆ ಇರೋದು ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ (ಚಿಕ್ಕದಾಗಿ ಎಡಿ), ಅದರ ಕೆಳಗೆ ಬರೋ ಮೆಷಿನ್, ಯೂಸರ್‌ಗಳ ಗುಂಪೇ ಡೊಮೇನ್, ಅದನ್ನ ನಡೆಸೋ ಸರ್ವರ್ ಡೊಮೇನ್ ಕಂಟ್ರೋಲರ್. ಇಲ್ಲಿ ವಿಂಡೋಸ್ ಸರ್ವರ್‌ಗೆ ಸಾಟಿ ಇಲ್ಲ, ಲಿನಕ್ಸ್ ಅಭಿಮಾನಿಗಳು ಏನೇ ಹೇಳ್ಲಿ.

ಆದ್ರೆ ಅದಕ್ಕೂ ಮೊದಲು ಎದ್ದು ಹೋಗಿ ಒಂದೊಂದು ವಿಂಡೋಸ್ ಮೆಷಿನ್ ಮುಂದೆ ಕೂತು ಎಡಿಷನ್ ನೋಡ್ಕೊಂಡ್ ಬನ್ನಿ. ಹೋಮ್ ಎಡಿಷನ್ ಇದ್ರೆ ಡೊಮೇನ್‌ಗೆ ಸೇರಿಸೋಕೇ ಆಗಲ್ಲ, ಪ್ರೊ ಬೇಕು. ನಾನು ಇದನ್ನ ನೋಡದೆ ಎರಡು ದಿನ ಕೂತು ಡೊಮೇನ್ ಎಲ್ಲಾ ಚೆಂದಾಗಿ ಕಟ್ಟಿ, ಮೂರನೇ ದಿನ ಸೇರಿಸೋಕೆ ಹೋದ್ರೆ 8ರಲ್ಲಿ 5 ಲ್ಯಾಪ್‌ಟಾಪು ಹೋಮ್. ಅಂಗಡಿಯಿಂದ ಒಂದೊಂದೇ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹಂಗೇ ಇರೋದು. ಅವತ್ತು ಓನರ್ ನೋಡಿದ ನೋಟ ಇನ್ನೂ ಮರೆತಿಲ್ಲ.

ಇನ್ನೊಂದು, ಆ ಸೆಟ್ಟಿಂಗ್‌ಗಳನ್ನ ಕೂತಲ್ಲಿಂದ ಕಳಿಸೋ ಗ್ರೂಪ್ ಪಾಲಿಸಿ ಅನ್ನೋದು ಮುಖ್ಯವಾಗಿ ವಿಂಡೋಸ್ ಮೆಷಿನ್‌ಗಳಿಗೆ. ಮ್ಯಾಕನ್ನ ಡೊಮೇನ್‌ಗೆ ಬೈಂಡ್ ಮಾಡ್ಬೋದು, ಲಿನಕ್ಸನ್ನೂ ಸೇರಿಸ್ಬೋದು, ಲಾಗಿನ್ ನಡಿಯತ್ತೆ, ಆದ್ರೆ ಪಾಲಿಸಿ ತಾನಾಗೇ ಹೋಗಲ್ಲ. ಅದರಲ್ಲೂ ಮ್ಯಾಕ್ ಲ್ಯಾಪ್‌ಟಾಪ್ ಮನೆಗೆ ತಗೊಂಡು ಹೋಗಿ ಬರೋರದ್ದು ಅಂದ್ರೆ, ಆಫೀಸಲ್ಲಿ ಪಾಸ್‌ವರ್ಡ್ ಬದಲಾಯ್ತು, ಮ್ಯಾಕ್‌ನ ಪಾಸ್‌ವರ್ಡ್ ಪೆಟ್ಟಿಗೆಯಾದ ಕೀಚೈನ್‌ಗೆ ಹಳೇದೇ ನೆನಪಿದೆ, ಬೆಳಗ್ಗೆ ಬೆಳಗ್ಗೆ ಪಾಸ್‌ವರ್ಡ್ ಕೇಳೋ ಡಬ್ಬಗಳು ಒಂದರ ಮೇಲೊಂದು. ಹಂಗಾಗಿ ಎಣಿಸಿ ನೋಡಿ, 14ರಲ್ಲಿ 12 ವಿಂಡೋಸ್ ಪ್ರೊ ಇದ್ರೆ ಎಡಿಗೆ ಅರ್ಥ ಇದೆ. 14ರಲ್ಲಿ 7 ಮ್ಯಾಕ್ ಇದ್ರೆ ಪೂರ್ತಿ ದುಡ್ಡು ಕೊಟ್ಟು ಅರ್ಧ ಊಟ ಮಾಡ್ದಂಗೆ.

ವಿಂಡೋಸ್ ಸರ್ವರ್ ತಗೊಳೋದಾದ್ರೆ ಲೈಸೆನ್ಸ್ ವಿಷ್ಯ ಸರಿಯಾಗಿ ತಿಳ್ಕೊಂಡು ತಗೊಳಿ, ಇದ್ರಲ್ಲಿ ಎಡವದೇ ಇರೋರು ಕಮ್ಮಿ. ಸ್ಟ್ಯಾಂಡರ್ಡ್ ಎಡಿಷನ್‌ಗೆ ಸಿಪಿಯು ಕೋರ್ ಲೆಕ್ಕ, ನಿಮ್ಮ ಮೆಷಿನ್‌ನಲ್ಲಿ 6 ಕೋರ್ ಇದ್ರೂ ಕನಿಷ್ಠ 16 ಕೋರ್‌ಗೆ ತಗೊಳ್ಲೇಬೇಕು. ಅದು ಬರೀ ಸರ್ವರ್‌ಗೆ. ಅದನ್ನ ಬಳಸೋ ಪ್ರತಿಯೊಬ್ಬರಿಗೂ ಅಥವಾ ಪ್ರತಿ ಡಿವೈಸ್‌ಗೂ ಕ್ಯಾಲ್ ಅಂತ ಇನ್ನೊಂದು ಲೈಸೆನ್ಸ್ ಬೇಕು. ಮ್ಯಾಕ್‌ನಿಂದ ಬಂದ್ರೂ ಬೇಕು, ಲಿನಕ್ಸ್‌ನಿಂದ ಬಂದ್ರೂ ಬೇಕು, "ಅದು ವಿಂಡೋಸ್ ಅಲ್ವಲ್ಲ" ಅನ್ನೋ ವಾದ ನಡಿಯಲ್ಲ. ಒಬ್ಬೊಬ್ಬರಿಗೆ ಫೋನು ಲ್ಯಾಪ್‌ಟಾಪು ಎರಡೂ ಇದ್ರೆ ಯೂಸರ್ ಕ್ಯಾಲ್ ತಗೊಳಿ, ಒಂದೇ ಮೆಷಿನ್ ಮೇಲೆ ಶಿಫ್ಟ್‌ನಲ್ಲಿ ಮೂರು ಜನ ಕೂರೋದಾದ್ರೆ ಡಿವೈಸ್ ಕ್ಯಾಲ್. ಮತ್ತೆ ಹಳೇ ಕ್ಯಾಲ್ ಹೊಸ ಸರ್ವರ್‌ಗೆ ಆಗಲ್ಲ, ವಿಂಡೋಸ್ ಸರ್ವರ್ 2019ಕ್ಕೆ ತಗೊಂಡಿದ್ದು 2022ಕ್ಕೋ 2025ಕ್ಕೋ ಹೋದಾಗ ಕೆಲಸಕ್ಕೆ ಬರಲ್ಲ, ಹೊಸದು ಹಳೇದಕ್ಕೆ ಆಗತ್ತೆ.

ಚಿಕ್ಕವರಿಗೆ ಅಂತ ಎಸೆನ್ಷಿಯಲ್ಸ್ ಎಡಿಷನ್ ಇದೆ, 25 ಯೂಸರ್, 50 ಡಿವೈಸ್‌ವರೆಗೆ, ಕ್ಯಾಲ್ ಗೋಜಿಲ್ಲ. ಹತ್ತು ಹದಿನೈದು ಜನದ ಆಫೀಸಿಗೆ ಅಳತೆ ತಗೊಂಡು ಹೊಲಿಸಿದಂಗಿದೆ, ಒಂದೇ ಸಿಪಿಯು ಇರೋ ಸಣ್ಣ ಸರ್ವರ್‌ಗೆ ಮಾತ್ರ, ಮತ್ತೆ 2022ರ ಆವೃತ್ತಿಯಿಂದ ಈಚೆಗೆ ಹಾರ್ಡ್‌ವೇರ್ ಜೊತೆ ಸೇರಿಸಿನೇ ಮಾರೋದು, ಬಿಡಿಯಾಗಿ ಸಿಗಲ್ಲ. ಹಿಂದೆ ಸ್ಮಾಲ್ ಬಿಸ್ನೆಸ್ ಸರ್ವರ್ ಅಂತ ಬರ್ತಿತ್ತಲ್ಲ, ಮೇಲ್ ಫೈಲ್ ಎಲ್ಲಾ ಒಂದೇ ಡಬ್ಬದಲ್ಲಿ, ಅದರ ಕೊನೇ ಆವೃತ್ತಿ 2011ರದ್ದು. ಯಾರಾದ್ರೂ ಹಳೇ ನೆನಪಲ್ಲಿ ಅದನ್ನ ಹುಡುಕ್ತಾ ಇದ್ರೆ ಬಿಟ್ಬಿಡಿ.

ಹಳೇ ಆವೃತ್ತಿ ಕಮ್ಮಿಗೆ ಸಿಗತ್ತೆ ಅಂತ ತಗೊಳೋ ಮುಂಚೆ ಸಪೋರ್ಟ್ ಎಲ್ಲಿವರೆಗೆ ಅಂತ ನೋಡಿ. 2012 ಆರ್2 ಕಥೆ 2023ರ ಅಕ್ಟೋಬರ್‌ಗೇ ಮುಗೀತು. 2016ಕ್ಕೆ 2027ರ ಜನವರಿ, 2019ಕ್ಕೆ 2029ರ ಜನವರಿ, 2022ಕ್ಕೆ 2031, 2025ಕ್ಕೆ 2034.

ಎಡಿ ಹಾಕಿದ ಮೇಲೆ ಕಾಟ ಕೊಡೋ ಮೂರು ಸಣ್ಣ ವಿಷ್ಯ ಹೇಳ್ಬಿಡ್ತೀನಿ, ಇವು ಸಾಂಬಾದಲ್ಲಿ ಎಡಿ ಮಾಡಿದ್ರೂ ಅನ್ವಯ. ಒಂದು ಟೈಮು. ಕೆರ್ಬೆರೋಸ್ ಅನ್ನೋ ಲಾಗಿನ್ ವ್ಯವಸ್ಥೆಗೆ ಸರ್ವರ್ ಗಡಿಯಾರಕ್ಕೂ ಕ್ಲೈಂಟ್ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಒಳಗೇ ಬಿಡಲ್ಲ. ಮದರ್‌ಬೋರ್ಡ್ ಬ್ಯಾಟರಿ ಸತ್ತ ಪಿಸಿ ಬೆಳಗ್ಗೆ ಹಿಂದಿನ ಯುಗದ ತಾರೀಕು ತೋರಿಸ್ತಾ ಎದ್ರೆ ಪಾಸ್‌ವರ್ಡ್ ಸರಿ ಇದ್ರೂ ಲಾಗಿನ್ ಆಗಲ್ಲ, ನೀವು ಪಾಸ್‌ವರ್ಡ್ ರೀಸೆಟ್ ಮಾಡ್ತಾ ಕೂತಿರ್ತೀರ. ಎರಡನೇದು ಡಿಎನ್‌ಎಸ್, ಹೆಸರು ಕೊಟ್ರೆ ಮೆಷಿನ್‌ನ ವಿಳಾಸ ಹುಡುಕಿ ಕೊಡೋ ವ್ಯವಸ್ಥೆ. ಎಲ್ಲಾ ಮೆಷಿನ್ನೂ ಡೊಮೇನ್ ಕಂಟ್ರೋಲರನ್ನೇ ಡಿಎನ್‌ಎಸ್ ಅಂತ ಇಟ್ಕೊಬೇಕು, ಸೇಫ್ಟಿಗಿರ್ಲಿ ಅಂತ ಎರಡನೇ ಜಾಗದಲ್ಲಿ ಹೊರಗಿನದ್ದು ಕೊಟ್ರೆ ಒಂದೊಂದು ಸಲ ಲಾಗಿನ್ ಆಗತ್ತೆ ಒಂದೊಂದು ಸಲ ಆಗಲ್ಲ, ಈ ಥರ ಅರ್ಧಂಬರ್ಧ ಕೆಡೋದಕ್ಕಿಂತ ಪೂರ್ತಿ ಕೆಟ್ರೇ ವಾಸಿ. ಮೂರನೇದು ಡೊಮೇನ್ ಹೆಸರಿನ ಕೊನೆಗೆ ಡಾಟ್ ಲೋಕಲ್ ಅಂತ ಇಡೋದು. ಹಳೇ ಪಾಠಗಳಲ್ಲೆಲ್ಲಾ ಹಂಗೇ ಹೇಳ್ಕೊಟ್ಟಿದ್ರು, ಆದ್ರೆ ನೆಟ್‌ವರ್ಕ್‌ನಲ್ಲಿ ಮೆಷಿನ್ ಹುಡುಕೋ ಮ್ಯಾಕ್‌ನ ಬೊಂಝೂರ್ ಅದೇ ಡಾಟ್ ಲೋಕಲ್ ಬಳಸತ್ತೆ, 2013ರಲ್ಲಿ ಆ ಹೆಸರನ್ನ ಅಧಿಕೃತವಾಗಿ ಅದಕ್ಕೇ ಮೀಸಲಿಟ್ರು. ಮ್ಯಾಕ್ ಇರೋ ಆಫೀಸಲ್ಲಿ ಹಂಗೆ ಹೆಸರಿಟ್ರೆ ಸರ್ವರ್ ಹುಡುಕೋಕೇ ಮ್ಯಾಕ್ ತಡವರಿಸತ್ತೆ. ನಿಮ್ಮದೇ ಡೊಮೇನ್ ಹೆಸರಿನ ಕೆಳಗೆ ಒಂದು ಸಬ್‌ಡೊಮೇನ್ ಮಾಡಿ ಅದನ್ನೇ ಇಡಿ. ಆಮೇಲೆ ಬದಲಾಯಿಸೋದು ಅಂದ್ರೆ ಹೆಚ್ಚು ಕಮ್ಮಿ ಮೊದಲಿಂದ ಕಟ್ಟಿದ ಹಾಗೆ.

ಮ್ಯಾಕ್‌ನೇ ಸರ್ವರ್ ಮಾಡಿದ್ರೆ?

ಡಿಸೈನ್ ಕಡೆಯವರು ಇದನ್ನ ಕೇಳೇ ಕೇಳ್ತಾರೆ, ಒಂದು ಮ್ಯಾಕ್ ಮಿನಿ ತಂದಿಟ್ರೆ ಆಯ್ತಲ್ಲ ಅಂತ. ಮ್ಯಾಕ್ ಓಎಸ್ ಸರ್ವರ್ ಅನ್ನೋದು 1999ರಿಂದ ಇತ್ತು, ಎಕ್ಸ್‌ಸರ್ವ್ ಅಂತ ರ್‍ಯಾಕ್‌ಗೆ ಹಾಕೋ ಮೆಷಿನ್ನೂ ಇತ್ತು, ಆ ಮೆಷಿನ್ 2011ರಲ್ಲಿ ನಿಲ್ತು, ಸಾಫ್ಟ್‌ವೇರನ್ನ 2022ರ ಏಪ್ರಿಲ್‌ನಲ್ಲಿ ಆಪಲ್‌ನವರೇ ಮುಗಿಸಿದ್ರು. ಫೈಲ್ ಶೇರಿಂಗು, ಮ್ಯಾಕ್‌ನದ್ದೇ ಆದ ಟೈಮ್ ಮೆಷಿನ್ ಬ್ಯಾಕಪ್ ಇಸ್ಕೊಳ್ಳೋದು, ಅಪ್‌ಡೇಟ್‌ಗಳನ್ನ ಒಂದು ಸಲ ಇಳಿಸ್ಕೊಂಡು ಉಳಿದ ಮ್ಯಾಕ್‌ಗಳಿಗೆ ಹಂಚೋ ಕಂಟೆಂಟ್ ಕ್ಯಾಶಿಂಗು, ಇವು ಮಾಮೂಲಿ ಮ್ಯಾಕ್ ಓಎಸ್‌ನಲ್ಲೇ ಉಳ್ಕೊಂಡಿವೆ. ಎಲ್ಲಾ ಮ್ಯಾಕೇ ಇರೋ ಐದಾರು ಜನದ ಜಾಗಕ್ಕೆ ಸಾಕು. ಬೆರಕೆ ಆಫೀಸಿಗೆ ಬೇಡ ಅಂತೀನಿ. ಕರೆಂಟ್ ಹೋಗಿ ಬಂದ್ಮೇಲೆ ಫೈಲ್‌ವಾಲ್ಟ್ (ಡಿಸ್ಕಿಗೆ ಬೀಗ ಹಾಕೋ ಎನ್‌ಕ್ರಿಪ್ಷನ್) ಆನ್ ಇದ್ರೆ ಯಾರಾದ್ರೂ ಪಾಸ್‌ವರ್ಡ್ ಹಾಕೋವರೆಗೂ ಡಿಸ್ಕೇ ತೆರೆಯಲ್ಲ, ಸರ್ವರ್ ಆದವನು ತಾನೇ ಎದ್ದು ಕೂರ್ಬೇಕಪ್ಪ.

ಲಿನಕ್ಸ್ ಅಂದ್ರೆ ಯಾವ ಲಿನಕ್ಸು

ಚಿಕ್ಕ ಆಫೀಸಿಗೆ ಮೂರೇ ಗುಂಪು ಅನ್ಕೊಳಿ. ಡೆಬಿಯನ್, ಉಬುಂಟು ಎಲ್‌ಟಿಎಸ್ (ಜಾಸ್ತಿ ವರ್ಷ ಅಪ್‌ಡೇಟ್ ಬರೋ ಆವೃತ್ತಿ), ಆಮೇಲೆ ರೆಡ್ ಹ್ಯಾಟ್ ಬಳಗದ ಆಲ್ಮಾ ಅಥವಾ ರಾಕಿ. ಡೆಬಿಯನ್ 13 ಬಂದಿದ್ದು 2025ರ ಆಗಸ್ಟ್‌ನಲ್ಲಿ, ಮೂರು ವರ್ಷ ಮಾಮೂಲಿ ಸಪೋರ್ಟು, ಮೇಲೆ ಎರಡು ವರ್ಷ ಎಲ್‌ಟಿಎಸ್. ಉಬುಂಟು ಎರಡು ವರ್ಷಕ್ಕೊಂದು ಎಲ್‌ಟಿಎಸ್ ಬಿಡತ್ತೆ, 24.04 ಅಂದ್ರೆ 2024ರ ನಾಲ್ಕನೇ ತಿಂಗಳದ್ದು, ಐದು ವರ್ಷ. ಆಲ್ಮಾ, ರಾಕಿ ಹತ್ತು ವರ್ಷ ಬರತ್ತೆ, ಹಾಕಿ ಮರೆಯೋ ಸ್ವಭಾವದವರಿಗೆ ಅದು.

ಈ ಆಲ್ಮಾ, ರಾಕಿ ಹುಟ್ಟಿದ್ದು ಯಾಕೆ ಅಂತ ಗೊತ್ತಿರ್ಬೇಕು. ರೆಡ್ ಹ್ಯಾಟ್ ಬಳಗದ್ದೇ ಫ್ರೀ ಲಿನಕ್ಸ್ ಆದ ಸೆಂಟ್ ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಇರತ್ತೆ ಅಂತ ನಂಬ್ಕೊಂಡು ಜನ ಹಾಕಿದ್ರು, 2020ರ ಡಿಸೆಂಬರ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂಗೆ 2021ಕ್ಕೇ ಮುಗಿಸ್ತೀವಿ ಅಂತ ಘೋಷಣೆ ಬಂತು, ಒಂದು ವರ್ಷದಲ್ಲಿ ಎಲ್ಲರೂ ಮನೆ ಖಾಲಿ ಮಾಡ್ಬೇಕಾಯ್ತು. ಆ ಗಲಾಟೆಯಲ್ಲಿ 2021ರಲ್ಲಿ ಇವೆರಡೂ ಬಂದವು. ಫ್ರೀ ಅಂದ ಮಾತ್ರಕ್ಕೆ ಯಾರ ಕೈಗೂ ಸಿಕ್ಕದ್ದು ಅಂತಲ್ಲ, ಹಿಂದೆ ಯಾರಿದ್ದಾರೆ ನೋಡ್ಕೊಬೇಕು. ನಾನು ಡೆಬಿಯನ್ ಕಡೆ ವಾಲೋದು ಇದಕ್ಕೇ, 1993ರಿಂದ ಯಾವ ಕಂಪನಿಗೂ ಸೇರದೆ ನಡ್ಕೊಂಡ್ ಬಂದಿದೆ.

ಲಿನಕ್ಸ್ ಫೈಲ್ ಸರ್ವರ್ ಹಾಕೋದು ಅರ್ಧ ದಿನದ ಕೆಲಸ, ಬೆರಕೆ ಕಂಪ್ಯೂಟರ್‌ಗಳ ಹಠಮಾರಿತನ ಸರಿಮಾಡೋದು ಮಿಕ್ಕ ವಾರದ ಕೆಲಸ. ಏನೇನು ಬರತ್ತೆ ಅಂತ ಹೇಳ್ತೀನಿ.

ಫೈಲ್ ಹೆಸರು ಮೊದಲನೇದು. ಮ್ಯಾಕ್‌ನವರು ಫೈಲ್ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ, ಸ್ಟಾರು, ಉದ್ಧರಣ ಚಿಹ್ನೆ ಎಲ್ಲಾ ಹಾಕ್ತಾರೆ, ವಿಂಡೋಸ್‌ಗೆ ಇವು ಆಗಲ್ಲ, ಆ ಕಡೆಯವರಿಗೆ ಹೆಸರಿನ ಜಾಗದಲ್ಲಿ ಚೌಕ ಡಬ್ಬ ಕಾಣತ್ತೆ ಇಲ್ಲಾ ಫೈಲೇ ತೆರೆಯಲ್ಲ. ಲಿನಕ್ಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ, ಡೆವಲಪರ್ ಒಂದೇ ಹೆಸರಲ್ಲಿ ದೊಡ್ಡಕ್ಷರದ್ದೊಂದು ಚಿಕ್ಕಕ್ಷರದ್ದೊಂದು ಫೈಲ್ ಇಟ್ರೆ ವಿಂಡೋಸ್‌ನವರಿಗೆ ಎರಡರಲ್ಲಿ ಒಂದು ಕೈಗೇ ಸಿಗಲ್ಲ. ಸಾಂಬಾದಲ್ಲಿ ಫ್ರೂಟ್ ಅಂತ ಒಂದು ಮಾಡ್ಯೂಲ್ ಇದೆ (ಆಪಲ್‌ಗೆ ಅಂತ ಫ್ರೂಟ್, ಬರೆದೋರಿಗೂ ತಮಾಷೆ ಗೊತ್ತು), ಅದನ್ನ ಹಾಕಿದ್ರೆ ಮ್ಯಾಕ್‌ನ ಅರ್ಧ ತಕರಾರು ನಿಲ್ಲತ್ತೆ, ಟೈಮ್ ಮೆಷಿನ್ ಬ್ಯಾಕಪ್ಪೂ ಅದರ ಮೇಲೇ ನಡೆಯತ್ತೆ. ಮೊದಲನೇ ದಿನವೇ ಹಾಕಿ, ಅರ್ಧ ಫೈಲ್ ಬಂದ ಮೇಲೆ ಹಾಕಿದ್ರೆ ಹಳೇದೊಂಥರ ಹೊಸದೊಂಥರ ಆಗತ್ತೆ.

ಕನ್ನಡದಲ್ಲಿ ಫೈಲ್ ಹೆಸರು ಇಡೋರಿಗೆ ಇನ್ನೊಂದು ವಿಚಿತ್ರ ಇದೆ. ಹಳೇ ಮ್ಯಾಕ್ ಡಿಸ್ಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಫೈಲ್‌ಸಿಸ್ಟಮ್ಮು ಅಕ್ಷರಗಳನ್ನ ತುಂಡು ಮಾಡಿ ಇಡತ್ತೆ, 'ಕೋ' ಅಂತ ಬರೆದ್ರೆ ಆ ಓತ್ವದ ಗುರುತನ್ನ ಒಂದೇ ಕೋಡ್ ಆಗಿ ಇಡದೆ ಮೂರು ಚೂರಾಗಿ ಇಡತ್ತೆ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಆ ಡಿಸ್ಕ್‌ನಿಂದ ಲಿನಕ್ಸ್‌ಗೆ ಆರ್‌ಸಿಂಕ್ ಅನ್ನೋ ನಕಲು ಸಾಧನದಿಂದ ನೇರ ಸಾಗಿಸಿದ್ರೆ, ಅಲ್ಲಿ ಮೊದಲೇ ಆ ಹೆಸರಿನ ಫೈಲ್ ಇದ್ದಾಗ, 'ಕೋಷ್ಟಕ' ಅನ್ನೋ ಒಂದೇ ಹೆಸರಿನ ಎರಡು ಫೈಲ್ ಅಕ್ಕಪಕ್ಕ ಕೂತಿರತ್ತೆ, ಹುಡುಕಿದ್ರೆ ಒಂದೇ ಸಿಗತ್ತೆ. ನಾನು ಇದನ್ನ ಮೊದಲು ನೋಡಿದಾಗ ಡಿಸ್ಕ್ ಹೋಯ್ತು ಅನ್ಕೊಂಡೆ. ಆರ್‌ಸಿಂಕ್‌ನಲ್ಲೇ ಐಕಾನ್ವ್ ಅಂತ ಆಯ್ಕೆ ಇದೆ, ಅದನ್ನ ಹಾಕಿ ಸಾಗಿಸಿದ್ರೆ ಒಂದಾಗತ್ತೆ.

ಎರಡನೇ ತಲೆನೋವು ಹಳೇ ಎಸ್‌ಎಂಬಿ 1. 2017ರ ಮೇನಲ್ಲಿ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಜಗತ್ತಿನಾದ್ಯಂತ ಹಬ್ಬಿದ್ದು ಈ ಎಸ್‌ಎಂಬಿ 1ರ ತೂತಿನಿಂದಲೇ, ಅದೇ ವರ್ಷದಿಂದ ವಿಂಡೋಸ್‌ನಲ್ಲಿ ಅದು ಡೀಫಾಲ್ಟಾಗಿ ಬರೋದು ನಿಲ್ತು, ಸಾಂಬಾದಲ್ಲೂ ಆಫ್ ಆಗಿರತ್ತೆ. ಒಳ್ಳೇದೇ. ಆದ್ರೆ ಆಫೀಸ್ ಮೂಲೇಲಿ ದೊಡ್ಡ ಝೆರಾಕ್ಸ್ ಮೆಷಿನ್ ಇರತ್ತಲ್ಲ, ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಹಾಕೋದು, ಅದು ಹಳೇದಾದ್ರೆ ಎಸ್‌ಎಂಬಿ 1 ಬಿಟ್ಟು ಬೇರೆ ಗೊತ್ತಿಲ್ಲ. ಅದೊಂದಕ್ಕೋಸ್ಕರ ಇಡೀ ಸರ್ವರ್‌ನಲ್ಲಿ ಅದನ್ನ ಆನ್ ಮಾಡೋಕೆ ಹೋಗ್ಬೇಡಿ, ಸ್ಕ್ಯಾನನ್ನ ಈಮೇಲ್‌ಗೆ ತಿರುಗಿಸಿ ಅಥವಾ ಎಫ್‌ಟಿಪಿ ಅನ್ನೋ ಫೈಲ್ ಕಳಿಸೋ ವಿಧಾನದಲ್ಲಿ ಬೇರೇನೂ ಇಲ್ಲದ ಒಂದು ಬಿಡಿ ಫೋಲ್ಡರ್‌ಗೆ ಬೀಳೋ ಹಾಗೆ ಮಾಡಿ. ಇದರ ತಮ್ಮ ಅನ್ನೋ ಹಂಗೆ ಇನ್ನೊಂದಿದೆ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್. ವಿಂಡೋಸ್ 11 ಪ್ರೊ 24ಎಚ್2 ಬಂದ ಮೇಲೆ ಗೆಸ್ಟ್ ಬಾಗಿಲು ಮುಚ್ಚಿದೆ, ನಡುವೆ ಯಾರೂ ಡೇಟಾ ತಿದ್ದಿಲ್ಲ ಅನ್ನೋ ಎಸ್‌ಎಂಬಿ ಸಹಿನೂ ಕಡ್ಡಾಯ ಕೇಳತ್ತೆ, ನಿನ್ನೆವರೆಗೆ ತೆರೀತಿದ್ದ ಹಳೇ ನ್ಯಾಸ್ ಇವತ್ತು ತೆರೀತಿಲ್ಲ ಅಂದ್ರೆ ಬಹಳ ಸಲ ಕಾರಣ ಇದೇ. ಸರ್ವರ್ ಕಡೆ ಎಲ್ಲರಿಗೂ ಒಂದೊಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಡೋದೇ ಸರಿಯಾದ ದಾರಿ.

ಮೂರನೇದು ಪರ್ಮಿಷನ್. ಒಬ್ಬರು ಹಾಕಿದ ಫೈಲ್ ಇನ್ನೊಬ್ಬರು ತೆರೀಬೋದು ಆದ್ರೆ ಸೇವ್ ಮಾಡಕ್ಕಾಗಲ್ಲ ಅನ್ನೋ ದೂರು ಲಿನಕ್ಸ್ ಸರ್ವರ್ ಹಾಕಿದ ಮೊದಲ ವಾರ ಬರದಿದ್ರೆ ನಿಮ್ಮ ಪುಣ್ಯ. ಡಿಪಾರ್ಟ್‌ಮೆಂಟ್‌ಗೊಂದು ಗ್ರೂಪ್ ಮಾಡಿ, ಫೋಲ್ಡರ್‌ನ ಗ್ರೂಪೇ ಒಳಗಿನ ಹೊಸ ಫೈಲಿಗೂ ಬರೋ ಹಾಗೆ ಇಡಿ, ಒಬ್ಬೊಬ್ಬರ ಹೆಸರಿಗೆ ಹಕ್ಕು ಕೊಡೋಕೆ ಶುರು ಮಾಡಿದ್ರೆ ಆರು ತಿಂಗಳಾದ್ಮೇಲೆ ಯಾರಿಗೆ ಏನು ಕೊಟ್ಟಿದ್ದೀವಿ ಅಂತ ನಿಮಗೇ ತಿಳಿಯಲ್ಲ. ನಿಜ ಹೇಳ್ಬೇಕಂದ್ರೆ ಪರ್ಮಿಷನ್ ವಿಷ್ಯದಲ್ಲಿ ವಿಂಡೋಸ್ ಸರ್ವರ್ ಆರಾಮು, ಮೌಸ್ ಹಿಡ್ಕೊಂಡೇ ಮಾಡ್ಬೋದು.

ಹಂಗಾದ್ರೆ ಲಿನಕ್ಸ್‌ನಲ್ಲೇ ಎಡಿ ಮಾಡ್ಬೋದಲ್ಲ, ಲೈಸೆನ್ಸ್ ಉಳಿಯತ್ತೆ ಅಂದ್ರೆ, ಮಾಡ್ಬೋದು. 2012ರ ಕೊನೇಲಿ ಬಂದ ಸಾಂಬಾ 4ರಿಂದ ಅದು ಡೊಮೇನ್ ಕಂಟ್ರೋಲರ್ ಆಗಿ ಓಡತ್ತೆ, ವಿಂಡೋಸ್ ಪಿಸಿಗೆ ವ್ಯತ್ಯಾಸ ಗೊತ್ತಾಗಲ್ಲ. ಆದ್ರೆ ಎರಡು ಕಂಟ್ರೋಲರ್ ಇಟ್ರೆ ಪಾಲಿಸಿ ಇರೋ ಸಿಸ್‌ವಾಲ್ ಫೋಲ್ಡರ್ ತಾನಾಗೇ ಒಂದರಿಂದ ಇನ್ನೊಂದಕ್ಕೆ ಹೋಗಲ್ಲ, ಕೈಯಿಂದ ಸಿಂಕ್ ಕಟ್ಟಬೇಕು, ಅದೇ ಮೆಷಿನ್ನಲ್ಲಿ ಫೈಲ್ ಸರ್ವರ್ರೂ ಮಾಡ್ಬೇಡಿ ಅಂತ ಸಾಂಬಾದವರೇ ಹೇಳ್ತಾರೆ. ರೆಡ್ ಹ್ಯಾಟ್‌ನವರು ಈ ಕಂಟ್ರೋಲರ್ ಭಾಗ ಕೊಡೋದೇ ಇಲ್ಲ, ಹಂಗಾಗಿ ಇದಕ್ಕೆ ಡೆಬಿಯನ್ ಅಥವಾ ಉಬುಂಟು. ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಪ್ಪು ಸ್ಕ್ರೀನ್) ಬೇಡ ಅನ್ನೋರಿಗೆ ಯುನಿವೆನ್ಷನ್, ಝೆಂಟಿಯಾಲ್ ಅಂತ ಇದನ್ನೇ ವೆಬ್ ಪೇಜ್ ಮೂಲಕ ನಡೆಸೋ ಡಿಸ್ಟ್ರೋಗಳು (ರೆಡಿ ಲಿನಕ್ಸ್ ಕಟ್ಟುಗಳು) ಇವೆ. ಲಿನಕ್ಸ್ ಚೆನ್ನಾಗಿ ಬರೋ ಒಬ್ಬರು ಕಾಯಂ ಆಗಿ ಇದ್ರೆ ಮಾತ್ರ ಈ ದಾರಿ. "ಉಳಿತಾಯಕ್ಕೋಸ್ಕರ" ಅಂತ ಮಾತ್ರ ಹೋಗ್ಬೇಡಿ.

ನ್ಯಾಸ್ ಡಬ್ಬ, ಝಡ್‌ಎಫ್‌ಎಸ್ ಇತ್ಯಾದಿ

ಸಿನಾಲಜಿ, ಕ್ಯೂನ್ಯಾಪ್ ಥರದ ರೆಡಿ ಡಬ್ಬಗಳ ಒಳಗಿರೋದೂ ಲಿನಕ್ಸೇ, ಮೇಲೆ ಚೆಂದದ ವೆಬ್ ಪೇಜು. ಕಂಪ್ಯೂಟರ್ ಜನ ಯಾರೂ ಇಲ್ಲದ ಆಫೀಸಿಗೆ ನನ್ನ ಮೊದಲ ಉತ್ತರ ಇದೇ, ನಾಚ್ಕೊಳ್ಳೋದೇನಿಲ್ಲ. ಫೈಲು, ಟೈಮ್ ಮೆಷಿನ್ನು, ಬ್ಯಾಕಪ್ಪು ಎಲ್ಲಾ ಟಿಕ್ ಹಾಕೋದ್ರಲ್ಲೇ ಮುಗಿಯತ್ತೆ. ಒಂದೇ ಷರತ್ತು, ಮನೆಯಿಂದ ನೋಡ್ಬೋದು ಅಂತ ಅದನ್ನ ನೇರ ಇಂಟರ್ನೆಟ್‌ಗೆ ಬಿಡ್ಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ರಾನ್ಸಮ್‌ವೇರ್ ಹಂಗೆ ಬಿಟ್ಟಿದ್ದ ಕ್ಯೂನ್ಯಾಪ್ ಡಬ್ಬಗಳನ್ನ ಹುಡ್ಕೊಂಡು ಹೋಗಿ ಬೀಗ ಹಾಕ್ತು. ಹೊರಗಿಂದ ಬೇಕಂದ್ರೆ ವಿಪಿಎನ್, ಅಂದ್ರೆ ಆಫೀಸ್ ನೆಟ್‌ವರ್ಕ್‌ಗೆ ಗುಟ್ಟಿನ ದಾರಿ.

ಸ್ವಲ್ಪ ಕೈ ಕೆಸರು ಮಾಡ್ಕೊಳ್ಳೋ ಮನಸ್ಸಿದ್ರೆ ಟ್ರೂನ್ಯಾಸ್, ನಿಮ್ಮದೇ ಮೆಷಿನ್ ಮೇಲೆ ಹಾಕೋ ನ್ಯಾಸ್ ಓಎಸ್. ಫ್ರೀನ್ಯಾಸ್ ಅಂತ 2005ರಲ್ಲಿ ಫ್ರೀಬಿಎಸ್‌ಡಿ ಅನ್ನೋ ಯುನಿಕ್ಸ್ ಥರದ ಓಎಸ್ ಮೇಲೆ ಶುರುವಾಗಿದ್ದು, ಈಗ ಲಿನಕ್ಸ್ ಮೇಲೆ ಬಂದಿದೆ. ಇದರ ಜೀವ ಝಡ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ಮು. ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ (ಡೇಟಾ ಕೆಟ್ಟಿದ್ಯಾ ಅಂತ ನೋಡೋ ಲೆಕ್ಕ) ಇಟ್ಕೊಂಡಿರತ್ತೆ, ಡಿಸ್ಕ್ ಸದ್ದಿಲ್ಲದೆ ತಪ್ಪು ಡೇಟಾ ಕೊಟ್ರೆ ಹಿಡಿಯತ್ತೆ. ಆದ್ರೆ ನಂಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಸ್ನ್ಯಾಪ್‌ಶಾಟು, ಆ ಹೊತ್ತಲ್ಲಿ ಫೈಲ್‌ಗಳು ಹೆಂಗಿದ್ವೋ ಹಂಗೇ ಹಿಡಿದಿಡೋದು. ಗಂಟೆಗೊಂದು ತಗೊಳೋ ಹಾಗೆ ಇಟ್ರೆ ಜಾಗ ಹೆಚ್ಚೇನೂ ತಿನ್ನಲ್ಲ, ಅದನ್ನ ಸಾಂಬಾಗೆ ಜೋಡಿಸಿದ್ರೆ ವಿಂಡೋಸ್‌ನವರು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೀವಿಯಸ್ ವರ್ಷನ್ಸ್ ನೋಡಿ ಅಳಿಸಿದ ಫೈಲ್ ತಾವೇ ವಾಪಸ್ ತಗೊಳ್ತಾರೆ. "ಸ್ವಲ್ಪ ನೋಡಿ ಕೊಡ್ತೀರಾ" ಅನ್ನೋ ಫೋನ್ ಕಾಲ್ ನಂಗೆ ಮುಕ್ಕಾಲು ಭಾಗ ಕಮ್ಮಿ ಆಗಿದ್ದು ಇದರಿಂದ. ವಿಂಡೋಸ್ ಸರ್ವರ್‌ನಲ್ಲೂ ಶ್ಯಾಡೋ ಕಾಪಿ ಅಂತ ಇದೇ ಸೌಲಭ್ಯ ಇದೆ, ಆನ್ ಮಾಡೋರು ಕಮ್ಮಿ. ಸ್ನ್ಯಾಪ್‌ಶಾಟು, ರೇಡ್ (ಒಂದು ಡಿಸ್ಕ್ ಕೆಟ್ರೂ ನಡೆಯೋ ಹಾಗೆ ಡಿಸ್ಕ್‌ಗಳನ್ನ ಜೋಡಿಸೋದು) ಎರಡೂ ಬ್ಯಾಕಪ್ ಅಲ್ಲ, ಮೆಷಿನ್ನೇ ಕಳುವಾದ್ರೆ ಎಲ್ಲಾ ಒಟ್ಟಿಗೇ ಹೋಗತ್ತೆ, ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋ ಬದಲು ಒಂದು ಪ್ರತಿ ಆಫೀಸ್ ಹೊರಗೆ ಇಡಿ.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಬಿಡಿಯಾಗಿ ಹಾಕೋದು? ಒಳ್ಳೇ ಓಎಸ್‌ಗಳು, ಓಪನ್‌ಬಿಎಸ್‌ಡಿನ ಫೈರ್‌ವಾಲ್ ಆಗಿ ಕಣ್ಮುಚ್ಚಿ ನಂಬ್ಬೋದು. ಚಿಕ್ಕ ಆಫೀಸಿನ ಫೈಲ್ ಸರ್ವರ್‌ಗೆ ಬೇಡ, ನೀವು ಇಲ್ಲದಾಗ ನೋಡೋರು ಸಿಗಲ್ಲ.

ಒಂದು ಸಾಫ್ಟ್‌ವೇರ್ ಎಲ್ಲಾ ಲೆಕ್ಕ ಕೆಡಿಸತ್ತೆ

ಇಷ್ಟೆಲ್ಲಾ ಯೋಚಿಸಿ ಲಿನಕ್ಸ್ ಅಂತ ತೀರ್ಮಾನ ಮಾಡಿದ ಮೇಲೆ ಅಕೌಂಟ್ಸ್‌ನವರು ಬಂದು ನಮ್ಮ ಸಾಫ್ಟ್‌ವೇರ್‌ನ ಸರ್ವರ್ ಭಾಗ ವಿಂಡೋಸ್ ಮೇಲೆ ಮಾತ್ರ ಓಡೋದು ಅಂತಾರೆ. ಇದನ್ನ ಮೊದಲೇ ಕೇಳ್ಕೊಳಿ. ಹಂಗಿದ್ರೂ ಇಡೀ ಆಫೀಸನ್ನ ವಿಂಡೋಸ್ ಸರ್ವರ್‌ಗೆ ತಿರುಗಿಸ್ಬೇಕಂತಿಲ್ಲ, ಪ್ರಾಕ್ಸ್‌ಮಾಕ್ಸ್ ಹಾಕಿ ಅದರ ಮೇಲೆ ಒಂದು ವಿಂಡೋಸ್ ವಿಎಂ (ಒಂದೇ ಮೆಷಿನ್ ಒಳಗೆ ಸಾಫ್ಟ್‌ವೇರಾಗಿ ಓಡೋ ಇನ್ನೊಂದು ಕಂಪ್ಯೂಟರ್), ಒಂದು ಡೆಬಿಯನ್ ವಿಎಂ ಓಡಿಸ್ಬೋದು. ವಿಂಡೋಸ್ ಸ್ಟ್ಯಾಂಡರ್ಡ್ ತಗೊಂಡಿದ್ರೆ ಅದರ ಲೈಸೆನ್ಸ್‌ನಲ್ಲೇ ಎರಡು ವಿಂಡೋಸ್ ವಿಎಂಗೆ ಹಕ್ಕಿದೆ, ಮೈಕ್ರೋಸಾಫ್ಟ್‌ನದ್ದೇ ಆದ ಹೈಪರ್-ವಿ ಮೇಲೂ ಇದೇ ಮಾಡ್ಬೋದು. ಆದ್ರೆ ಹೈಪರ್-ವಿ ಓಡಿಸೋ ಮೆಷಿನ್, ಅಂದ್ರೆ ಹೋಸ್ಟನ್ನೇ ಡೊಮೇನ್‌ಗೆ ಸೇರಿಸಿ, ಇರೋ ಒಂದೇ ಡೊಮೇನ್ ಕಂಟ್ರೋಲರನ್ನ ಅದರೊಳಗೆ ವಿಎಂ ಆಗಿ ಇಟ್ರೆ, ಕಂಟ್ರೋಲರ್ ಎದ್ದೇಳೋವರೆಗೂ ಹೋಸ್ಟ್‌ಗೆ ಡೊಮೇನ್ ಲಾಗಿನ್ ಇಲ್ಲ, ಕಂಟ್ರೋಲರ್ ತಾನಾಗೇ ಏಳದಿದ್ರೆ ಹೋಸ್ಟ್‌ಗೆ ಲಾಗಿನ್ ಆಗದೆ ಅದನ್ನ ಎಬ್ಸೋಕಾಗಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಹೋಸ್ಟ್‌ನ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ನಗ್ಬೇಡಿ.

ಯಾರು ನೋಡ್ಕೊಳ್ತಾರೆ

ಮೇಲಿನ ಎಲ್ಲಾ ಲೆಕ್ಕ ಸಮ ಬಂದಾಗ ತಕ್ಕಡಿ ವಾಲಿಸ್ಬೇಕಾದ್ದು ಇದು. ನೀವು ಊರಲ್ಲಿಲ್ಲ, ಸೋಮವಾರ ಬೆಳಗ್ಗೆ ಸರ್ವರ್ ಎದ್ದಿಲ್ಲ, ಆಫೀಸಲ್ಲಿರೋರು ಫೋನ್ ಮಾಡ್ತಾರೆ. ಫೋನಲ್ಲಿ ಹೇಳ್ತಾ ಹೇಳ್ತಾ ಅವರ ಕೈಲೇ ಸರಿಮಾಡಿಸೋಕೆ ಆಗೋ ಓಎಸ್ ಯಾವ್ದು? ಮೌಸ್ ಮಾತ್ರ ಗೊತ್ತಿರೋರಿಗೆ ಕಪ್ಪು ಸ್ಕ್ರೀನ್ ಮೇಲೆ ಕಮಾಂಡ್ ಹೇಳಿ ಟೈಪ್ ಮಾಡಿಸಿದ್ದೀನಿ ನಾನು, ಡ್ಯಾಶ್ ಅಂದ್ರೆ ಮೇಲಿನ ಗೆರೆನಾ ಕೆಳಗಿನ ಗೆರೆನಾ ಅಂತ ಹತ್ತು ನಿಮಿಷ ಹೋಗಿತ್ತು. ಅವತ್ತಿಂದ ನಾನು ಹಾಕೋ ಡೆಬಿಯನ್ ಸರ್ವರ್‌ಗಳಲ್ಲೆಲ್ಲಾ ಸರ್ವರ್ ನಡೆಸೋ ವೆಬ್ ಪೇಜ್ ಕೊಡೋ ಕಾಕ್‌ಪಿಟ್ ಹಾಕಿರ್ತೀನಿ, ಬ್ರೌಸರ್‌ನಲ್ಲಿ ರೀಸ್ಟಾರ್ಟ್ ಬಟನ್ ಆದ್ರೂ ಸಿಗ್ಲಿ ಅಂತ. ಹೊರಗಿಂದ ಬಂದು ನೋಡೋ ಸರ್ವಿಸ್‌ನವರನ್ನ ನಂಬ್ಕೊಂಡಿದ್ರೆ ಅವರನ್ನೇ ಕೇಳಿ, ಅವರಿಗೆ ವಿಂಡೋಸ್ ಮಾತ್ರ ಬರತ್ತೆ ಅಂದ್ರೆ ನೀವು ಎಷ್ಟೇ ಒಳ್ಳೇ ಲಿನಕ್ಸ್ ಹಾಕಿದ್ರೂ ಮೊದಲ ತೊಂದರೆಯ ದಿನ ಅವರು ಅದನ್ನ ಅಳಿಸಿ ತಮ್ಮದು ಹಾಕಿ ಹೋಗ್ತಾರೆ.

ಅಪ್‌ಡೇಟ್ ಯಾರು ಹಾಕ್ತಾರೆ ಅನ್ನೋದೂ ಇದರಲ್ಲೇ ಬಂತು. ವಿಂಡೋಸ್‌ಗೆ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬರತ್ತೆ, ಬಹುಪಾಲು ಸಲ ರೀಸ್ಟಾರ್ಟ್ ಬೇಕು. ಡೆಬಿಯನ್‌ನಲ್ಲಿ ಸೆಕ್ಯೂರಿಟಿ ಅಪ್‌ಡೇಟ್ ತಾನೇ ಹಾಕ್ಕೊಳೋ ಹಾಗೆ ಮಾಡಿಟ್ಟು, ಕರ್ನಲ್ (ಓಎಸ್‌ನ ತಿರುಳು) ಬದಲಾದಾಗ ಮಾತ್ರ ಸಂಜೆ ರೀಸ್ಟಾರ್ಟ್ ಮಾಡಿದ್ರೆ ನಡೆಯತ್ತೆ.

ಈ 14 ಮೆಷಿನ್ ಆಫೀಸಲ್ಲಿ ಕೊನೆಗೆ ನಾನು ಮಾಡಿದ್ದು ಏನಂದ್ರೆ, 5 ಲ್ಯಾಪ್‌ಟಾಪ್ ಹೋಮ್, 4 ಮ್ಯಾಕ್ ಇದ್ದಿದ್ರಿಂದ ಡೊಮೇನ್ ಆಸೆ ಕೈಬಿಟ್ಟು ಡೆಬಿಯನ್ ಮೇಲೆ ಬರೀ ಸಾಂಬಾ ಫೈಲ್ ಸರ್ವರ್ ಹಾಕಿದೆ, ಅಕೌಂಟ್ಸ್ ಸಾಫ್ಟ್‌ವೇರ್‌ಗೆ ಒಂದು ವಿಂಡೋಸ್ ವಿಎಂ. 8ಕ್ಕೆ 8 ವಿಂಡೋಸ್ ಪ್ರೊ ಇದ್ದು, ಜನ ಪದೇ ಪದೇ ಬಂದು ಹೋಗೋ ಕಡೆ ಆಗಿದ್ರೆ ಯೋಚ್ನೆ ಮಾಡದೆ ಎಸೆನ್ಷಿಯಲ್ಸ್ ಹಾಕ್ತಿದ್ದೆ. ನನ್ನಂಥೋನು ಒಬ್ಬ ಇಲ್ಲದಿದ್ರೆ ನ್ಯಾಸ್ ಡಬ್ಬ.

ಬದಲಾಯಿಸೋವಾಗ ಹಳೇ ಸರ್ವರನ್ನ ಅವತ್ತೇ ಅಳಿಸ್ಬೇಡಿ, ಓದೋಕೆ ಮಾತ್ರ ಬರೋ ಹಾಗೆ ಮಾಡಿ ಒಂದೆರಡು ತಿಂಗಳು ಇಟ್ಕೊಳಿ, ಯಾರೋ ಒಬ್ಬರಿಗೆ ಯಾವುದೋ ಫೋಲ್ಡರ್ ನೆನಪಾಗೇ ಆಗತ್ತೆ. ಮತ್ತೆ ಸರ್ವರ್‌ಗೆ ಓಎಸ್ ಹೆಸರು ಇಡ್ಬೇಡಿ. ನಮ್ಮಲ್ಲಿ ಮೊದಲಿದ್ದ ಸರ್ವರ್‌ಗೆ ಯಾರೋ ವಿನ್2008 ಅಂತ ಇಟ್ಟಿದ್ರು, ವಿಂಡೋಸ್ ಸರ್ವರ್ 2008ರ ಸಪೋರ್ಟ್ 2020ರ ಜನವರಿಗೆ ಮುಗೀತು, ಮೆಷಿನ್ನೂ ಹೋಯ್ತು, ಆದ್ರೆ ನೂರಾರು ಎಕ್ಸೆಲ್ ಫೈಲ್‌ಗಳು ಒಂದಕ್ಕೊಂದು ಲಿಂಕ್ ಆಗಿದ್ದು ಆ ಹೆಸರಿನ ಮೇಲೇ, ಬದಲಾಯಿಸಿದ್ರೆ ಒಂದೂ ತೆರೆಯಲ್ಲ. ಹಂಗಾಗಿ ಇವತ್ತಿಗೂ ಆ ಡೆಬಿಯನ್ ಮೆಷಿನ್ ಹೆಸರು ವಿನ್2008, ಹೊಸದಾಗಿ ಬಂದ ಹುಡುಗ ಲೈಸೆನ್ಸ್ ಕೀ ಎಲ್ಲಿದೆ ಸರ್ ಅಂತ ಕೇಳ್ದ.